ಹುಲಿಗೆಪ್ಪನ ಬಲಗಾಲಿನ ಚಪ್ಪಲಿ

ನನಗೆ ಶುಗರ್ ಇದೆ. ಇಷ್ಟು ಚಿಕ್ಕ ವಾಕ್ಯ ಬರೆಯುವಷ್ಟರಲ್ಲಿ ಎರಡು ಸಲ ಪೆನ್ನು ಕೆಳಗಿಟ್ಟು ಎದ್ದೆ; ಒಮ್ಮೆ ನೀರು ಕುಡಿಯಲು, ಇನ್ನೊಮ್ಮೆ ಆ ನೀರಿನ ಪರಿಣಾಮವಾಗಿ. ಬಿ.ಪಿ. ಇದೆಯೆಂದು ಹೇಳಿಕೊಳ್ಳಲು ಯಾರಿಗೂ ಸಂಕೋಚವಿಲ್ಲ. ಮನೆತನದ ಭಾರ ಹೊತ್ತವರಿಗೆ ಬರುವ ಕಾಯಿಲೆ ಎಂಬ ಗತ್ತು ಅದಕ್ಕಿದೆ. ಶುಗರ್ ಹಾಗಲ್ಲ. ಅದು ಕದ್ದು ತಿಂದವರ ಕಾಯಿಲೆ ಎಂದೇ ನಾನು ಬಹುಕಾಲ ನಂಬಿದ್ದೆ. ಬಳ್ಳಾರಿಯ ಕಾನ್ವೆಂಟಿನಲ್ಲಿ, ಹಣೆಗೆ ವಿಭೂತಿ ಹಚ್ಚಿಕೊಂಡು ಬರುತ್ತಿದ್ದ ನಮಗೂ ಸಿಸ್ಟರ್ ಒಬ್ಬರು ಏಳು ಮಹಾಪಾಪಗಳನ್ನು ಬಾಯಿಪಾಠ ಮಾಡಿಸಿದ್ದರು. ಆರು ಮರೆತುಹೋಗಿವೆ. ಗ್ಲಟನಿ, ಅಂದರೆ ಹೊಟ್ಟೆಬಾಕತನ, ಮಾತ್ರ ನೆನಪಿದೆ. ಆಗ ನನ್ನ ಜೇಬಿನಲ್ಲಿ ಕೊಬ್ಬರಿಮಿಠಾಯಿ ಇತ್ತು.

ನಮ್ಮ ಹಳೆಯ ವೈದ್ಯರು ದೊಡ್ಡ ಮನಸ್ಸಿನವರು. ಜೇನು ಬೆರೆಸಿ ಮಧುಮೇಹ ಎಂದು ಹೆಸರಿಟ್ಟರು. ಮೂತ್ರಕ್ಕೆ ಇರುವೆ ಮುತ್ತಿದರೆ ರೋಗ ಪತ್ತೆಯಾಯಿತಂತೆ. ಎಂಥ ಜೆಂಟಲ್ ಪದ್ಧತಿ! ಇರುವೆಗಳು ಯಾರಿಗೂ ಹೇಳುವುದಿಲ್ಲ. ಹೊಸಪೇಟೆಯ ಲ್ಯಾಬಿನ ಹುಡುಗನಾದರೋ ಬಸ್‌ಸ್ಟ್ಯಾಂಡಿನವರೆಗೂ ಕೇಳುವಂತೆ ಕೂಗುತ್ತಾನೆ.

ಲಾರಿಗಳ ಕೆಂಪು ಧೂಳು ನಮ್ಮ ಉಪ್ಪಿನಕಾಯಿ ಜಾಡಿಯೊಳಗೂ ಇಳಿಯುತ್ತಿದ್ದ ಮೈನಿಂಗ್ ದಿನಗಳು ಅವು. ಒಂದು ಬೆಳಿಗ್ಗೆ ಜಾಮ್ ಬಾಟಲಿಯೊಂದನ್ನು ಇಂಗ್ಲಿಷ್ ಪೇಪರಿನಲ್ಲಿ ಸುತ್ತಿ, ವ್ಯಾನಿಟಿ ಬ್ಯಾಗಿನಲ್ಲಿಟ್ಟುಕೊಂಡು ಲ್ಯಾಬಿನ ಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿ ನನ್ನ ತಮ್ಮ ಬಸವರಾಜನ ಲಾರಿ ಡ್ರೈವರ್, ಮಲಪನಗುಡಿಯ ಹುಲಿಗೆಪ್ಪ. ಅವನ ಮಡಿಲಲ್ಲಿ ಟವೆಲ್ಲು, ಟವೆಲ್ಲಿನೊಳಗೆ ಏನೋ ಉಬ್ಬು.

“ಏನ್ರೀ ಅಮ್ಮಾರ, ನೀವಿಲ್ಲಿ?”

“ಸುಮ್ನೆ ಬಿ.ಪಿ. ಚೆಕಪ್ಪು. ನೀನು?”

“ನಮ್ಮಾಕಿಗೆ ಭಾಳ ಕೆಮ್ಮು ರೀ. ಔಷಧಿ ಒಯ್ಯಾಕ ಬಂದೀನಿ.”

ಅಷ್ಟರಲ್ಲಿ ಒಳಗಿನಿಂದ ಕೂಗು: “ಶುಗರ್ ಯಾರ್ಯಾರ್ರೀ? ಬಾಟ್ಲಿ ತರ್ರಿ ಜಲ್ದಿ!”

ಇಬ್ಬರೂ ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ ಹುಡುಕತೊಡಗಿದೆವು. ಮತ್ತೊಮ್ಮೆ ಕೂಗಿದಾಗ ಇಬ್ಬರೂ ಒಟ್ಟಿಗೆ ಎದ್ದು ನಿಂತೆವು.

ಹುಲಿಗೆಪ್ಪನಿಗೆ ಈ ಕಾಯಿಲೆ ತಂದವರಲ್ಲಿ ಇಡೀ ಊರೇ ಪಾಲುದಾರ. ಅವನದು ಕೈಗುಣದ ಕೈ. ಆಗ ರೈಸ್‌ಮಿಲ್ಲಿನವರು, ಬಟ್ಟೆ ಅಂಗಡಿಯವರು ಎಲ್ಲರೂ ಲಾರಿ ಕೊಳ್ಳುವವರೇ. ಹೊಸ ಗಾಡಿ ಮೊದಲ ಸಲ ನಿಂಬೆಹಣ್ಣಿನ ಮೇಲೆ ಹಾಯಬೇಕಾದರೆ ಸ್ಟೇರಿಂಗ್ ಹಿಡಿಯಲು ಹುಲಿಗೆಪ್ಪನೇ ಬೇಕು. ಹತ್ತುವ ಮುಂಚೆ ಮಾಲೀಕ ಮೊದಲ ಪೇಡಾವನ್ನು ಅವನ ಬಾಯಿಗೇ ಇಡಬೇಕು. ಬ್ಯಾಡ ಅಂದರೆ ಹೊಟ್ಟೆಕಿಚ್ಚು ಎಂದಂತೆ. ಊರಿನ ಅದೃಷ್ಟವೆಲ್ಲ ಅವನ ರಕ್ತಕ್ಕೆ ಇಳಿಯುತ್ತಿತ್ತು. ಸಾಲದ್ದಕ್ಕೆ ಅದಿರಿನ ಲಾರಿ ತೂಗುವ ವೇಬ್ರಿಡ್ಜಿನ ಮುಂದೆ ಮೈಲುದ್ದದ ಸಾಲು. ಕೂತಲ್ಲೇ ಪಾಕದಂಥ ಚಹಾ, ಕೂತಲ್ಲೇ ಮಂಡಕ್ಕಿ ಮಿರ್ಚಿ. ಮೂತ್ರಕ್ಕೆಂದು ಇಳಿದರೆ ಹಿಂದಿನ ಲಾರಿ ಮುಂದೆ ನುಗ್ಗಿತೆಂದೇ ಲೆಕ್ಕ. ಅದಕ್ಕೆ ನೀರನ್ನೇ ಕುಡಿಯುತ್ತಿರಲಿಲ್ಲ.

“ಬಸವರಾಜನಿಗೆ ಹೇಳಿಬಿಡು,” ಎಂದೆ, ಲ್ಯಾಬಿನಿಂದ ಹೊರಬರುತ್ತ.

“ರೋಗದ ಕೈಲೆ ಹೊಸಾ ಗಾಡಿ ಯಾರ್ ಹೊಡಸ್ತಾರ್ರೀ? ಮೊದ್ಲು ನೀವು ಮನ್ಯಾಗ ಹೇಳ್ರಿ. ಆಮ್ಯಾಲೆ ನಾ ಹೇಳ್ತೀನಿ.”

ನಾನು ಆಟೋ ಕರೆದೆ. ಕಾನ್ವೆಂಟಿನಲ್ಲಿ ನನಗೆ ಡಿಬೇಟಿನಲ್ಲಿ ಪ್ರೈಜ್ ಬಂದಿತ್ತು ಎಂಬುದನ್ನು ಇಲ್ಲಿ ಹೇಳದಿರುವುದೇ ಲೇಸು.

ಆಮೇಲೊಂದು ದಿನ ಹುಲಿಗೆಪ್ಪ ಲಾರಿಯ ಕೀ ಕೊಡಲು ನಮ್ಮ ಕಟ್ಟೆಗೆ ಬಂದ. ಎಡಗಾಲಲ್ಲಿ ಚಪ್ಪಲಿ, ಬಲಗಾಲು ಬರಿದು. ಇನ್ನೊಂದು ಚಪ್ಪಲಿ ಗೇಟಿನ ಬಳಿ ಬಿದ್ದಿತ್ತು. ಕಳಚಿದ್ದು ಅವನಿಗೇ ಗೊತ್ತಿರಲಿಲ್ಲ. ನನ್ನ ಡಾಕ್ಟರು ನನಗೆ ದಿನಾ ಅಂಗಾಲು ನೋಡಿಕೊಳ್ಳಲು ಹೇಳಿದ್ದು ಇದಕ್ಕೇ. ಶುಗರ್ ಹೆಚ್ಚಾದರೆ ನರ ಸತ್ತು ಪಾದಕ್ಕೆ ಸ್ಪರ್ಶವೇ ತಿಳಿಯುವುದಿಲ್ಲವಂತೆ.

“ಎಷ್ಟು ದಿನದಿಂದ ಹಿಂಗೆ?”

“ಜೋಮು ಹಿಡದಂಗ ಇರ್ತೈತ್ರಿ. ಹತ್ತಿ ಮ್ಯಾಲ ನಿಂತಂಗ.”

ಬಲಗಾಲು. ಬ್ರೇಕಿನ ಕಾಲು. ಅದಿರು ತುಂಬಿದ ಲಾರಿಯನ್ನು ಸಂಡೂರಿನ ಘಾಟಿಯಲ್ಲಿ ಇಳಿಸುವ ಕಾಲು ಹತ್ತಿಯ ಮೇಲೆ ನಿಂತಿದೆ!

ಮರುದಿನವೇ ಬಸವರಾಜನ ಹೊಸ ಲಾರಿಯ ಪೂಜೆ. ಬೀದಿ ತುಂಬ ಜನ, ಲಾರಿ ತುಂಬ ಚೆಂಡುಹೂವು. ತಮ್ಮ ಪೇಡಾ ಎತ್ತಿ ಹುಲಿಗೆಪ್ಪನ ಬಾಯಿಯ ಹತ್ತಿರ ತಂದ.

“ಈ ಸಲ ಗಾಡಿಗೇ ತಿನಸ್ರಿ ಅಣ್ಣಾರ, ದುಡಿಯಾದು ಅದು!” ಎಂದ ಹುಲಿಗೆಪ್ಪ.

ಎಲ್ಲರೂ ನಕ್ಕರು. ತಮ್ಮನೂ ನಗುತ್ತ ಪೇಡಾವನ್ನು ಲಾರಿಯ ಮೂತಿಗೆ ಮೆತ್ತಿದ. ಜಾಣ, ಪಾರಾದ ಎಂದುಕೊಂಡೆ. ಅಷ್ಟರಲ್ಲಿ ಹುಲಿಗೆಪ್ಪ ಮೆಟ್ಟಿಲು ತುಳಿದು ಮೇಲೆ ಹತ್ತಿದ. ಬಲಗಾಲಿನ ಚಪ್ಪಲಿ ಕಳಚಿ ನಿಂಬೆಹಣ್ಣಿನ ಪಕ್ಕಕ್ಕೆ ಬಿತ್ತು. ಅವನು ತಿರುಗಿಯೂ ನೋಡದೆ ಎಂಜಿನ್ ಚಾಲೂ ಮಾಡಿದ. ಮುಂದುಗಡೆ ತಮ್ಮನ ಹೆಂಡತಿ ಆರತಿ ತಟ್ಟೆ ಹಿಡಿದು ನಿಂತಿದ್ದಳು.

ನಾನು ಹೋಗಿ ಆ ಚಪ್ಪಲಿಯನ್ನು ಕೈಗೆತ್ತಿಕೊಂಡೆ. ಕಾಂಜೀವರಂ ಸೀರೆ, ಕೈಯಲ್ಲಿ ಡ್ರೈವರನ ಚಪ್ಪಲಿ, ಎದುರಿಗೆ ಹೊಸಪೇಟೆ.

“ಅಕ್ಕಾ! ಏನಿದು? ಪೂಜಿ ಟೈಮಿನ್ಯಾಗ ಚಪ್ಲಿ ಹಿಡ್ಕೊಂಡು ನಿಂತೀಯಲ್ಲ! ಮಂದಿ ನೋಡಾಕತ್ತಾರ!” ತಮ್ಮನ ಮುಖ ಕುಂಕುಮದಷ್ಟೇ ಕೆಂಪು.

ಹುಲಿಗೆಪ್ಪನ ಗುಟ್ಟನ್ನು ನಾನು ಹೇಳುವಂತಿಲ್ಲ. ನನ್ನದನ್ನು ಹೇಳಬಹುದಿತ್ತು.

“ಬಸೂ, ನನಗೆ ಶುಗರ್ ಐತಿ,” ಎಂದೆ, ಲಾರಿಯ ಕಡೆ ನೋಡುತ್ತ.

ಕೈಯಲ್ಲಿನ ಚಪ್ಪಲಿಗೂ ನನ್ನ ಶುಗರಿಗೂ ಏನು ಸಂಬಂಧವೆಂದು ಯಾರಿಗೂ ತಿಳಿಯಲಿಲ್ಲ, ಒಬ್ಬನ ಹೊರತು. ಹುಲಿಗೆಪ್ಪ ಬಗ್ಗಿ ತನ್ನ ಪಾದ ನೋಡಿಕೊಂಡ. ಎಂಜಿನ್ ನಿಂತಿತು.

“ನನಗೂ ಐತ್ರಿ ಅಣ್ಣಾರ,” ಎಂದ, ಇಳಿಯುತ್ತ. “ಕಾಲಿಗೆ ಬ್ರೇಕ್ ಗೊತ್ತಾಗವಲ್ದು.”

ಆ ದಿನ ನಿಂಬೆಹಣ್ಣಿನ ಮೇಲೆ ಲಾರಿ ಹಾಯಿಸಿದವನು ಬೇರೊಬ್ಬ. ಮತ್ತೆ ಯಾರೂ ಹುಲಿಗೆಪ್ಪನನ್ನು ಪೂಜೆಗೆ ಕರೆಯಲಿಲ್ಲ. ತಮ್ಮ ಕೆಲವು ದಿನ ನಮ್ಮಿಬ್ಬರೊಂದಿಗೂ ಮಾತು ಬಿಟ್ಟ. ಆದರೆ ಘಾಟಿಯಿಂದ ಬಿಡಿಸಿ ತನ್ನ ಲಾರಿ ಯಾರ್ಡಿನ ಉಸ್ತುವಾರಿಗೆ ಹುಲಿಗೆಪ್ಪನನ್ನು ಹಾಕಿದ. ಕಾಲಿನ ಸ್ಪರ್ಶ ಪೂರ್ತಿ ಮರಳುವುದಿಲ್ಲ, ಇದ್ದದ್ದನ್ನು ಉಳಿಸಿಕೋ ಎಂದರಂತೆ ಡಾಕ್ಟರು. ಅವನೀಗ ಸಾಲಿನಲ್ಲಿ ನಿಂತ ಡ್ರೈವರುಗಳನ್ನು ಬೈದು ಇಳಿಸಿ ಲಾರಿಯ ಸುತ್ತ ಪ್ರದಕ್ಷಿಣೆ ಹಾಕಿಸುತ್ತಾನೆ. ಹೊತ್ತಿಗೆ ಸರಿಯಾಗಿ ಬುತ್ತಿ ಬಿಚ್ಚಿ ರೊಟ್ಟಿ ತಿನ್ನಿಸುತ್ತಾನೆ. ಹಳೇ ಲಾರಿಯ ಸೈಡ್ ಮಿರರ್ ಬಿಚ್ಚಿ ತಂದು, ಅದರಲ್ಲಿ ಅವರ ಅಂಗಾಲುಗಳನ್ನು ಅವರಿಗೇ ತೋರಿಸುತ್ತಾನೆ. ಆದರೆ ಚೆಂಡುಹೂವು ಕಟ್ಟಿದ ಲಾರಿಯೊಂದು ಹಾದುಹೋದರೆ ಮುಖ ಆಚೆ ತಿರುಗಿಸುತ್ತಾನೆ. ಆಗ ನನಗೂ ತಲೆ ಎತ್ತಲಾಗುವುದಿಲ್ಲ.

ಮೊನ್ನೆ ಲ್ಯಾಬಿನಲ್ಲಿ ಮತ್ತೆ ಅದೇ ಬೆಂಚು. ಅವನ ಬಾಟಲಿ ರಾಜಾರೋಷವಾಗಿ ಮೊಣಕಾಲ ಮೇಲೆ. ನನ್ನದು ಪೇಪರಿನಲ್ಲಿ.

“ಇನ್ನಾ ಪೇಪರ್ ಯಾಕ್ರೀ ಅಮ್ಮಾರ? ಊರಿಗೆಲ್ಲಾ ಗೊತ್ತೈತಲ್ಲ.”

“ನಾಚಿಕೆ ಹೋಗಿಲ್ಲಪ್ಪ.”

“ಅದು ಪೂರ್ತಿ ಹೋಗಂಗಿಲ್ಲ ಬಿಡ್ರಿ,” ಎಂದ ಹುಲಿಗೆಪ್ಪ, ತನ್ನ ಬಲಗಾಲು ನೋಡುತ್ತ. “ಕಂಟ್ರೋಲ್‌ನ್ಯಾಗ ಇಟ್ಗೊಂಡ್ರ ಸಾಕು.”

ಒಳಗಿನಿಂದ ಕೂಗು ಬಂತು. ನಾನು ಪೇಪರನ್ನು ಅರ್ಧದಷ್ಟು ಬಿಚ್ಚಿಕೊಂಡು ಎದ್ದೆ. ಜಾಮಿನ ಲೇಬಲ್ ಕಾಣುವಷ್ಟು.