'ಹಾರ್ಡ್' ಅಲ್ಲ, 'ಹಾರ್ಡ್ಲಿ'

ಹೊಸದುರ್ಗದ ಸಣ್ಣ ನರ್ಸಿಂಗ್ ಹೋಮೊಂದರಲ್ಲಿ ಎಂಟು ವರ್ಷ ನರ್ಸ್ ಆಗಿದ್ದೆ. ತೆಂಗಿನಮರದಿಂದ ಬಿದ್ದವರ ಗಾಯ ತೊಳೆದಿದ್ದೇನೆ. ಹಾಸಿಗೆ ಹಿಡಿದವರ ಬೆನ್ನುಹುಣ್ಣಿಗೆ, ಮನೆಯವರೇ ಮೂಗು ಮುಚ್ಚಿಕೊಂಡು ಹೊರಗೆ ನಿಂತಾಗ, ಡ್ರೆಸ್ಸಿಂಗ್ ಮಾಡಿದ್ದೇನೆ.

ಚಿತ್ರದುರ್ಗದ ದೊಡ್ಡ ಆಸ್ಪತ್ರೆಯೊಂದರಲ್ಲಿ ಕೆಲಸ ಖಾಲಿ ಇದೆಯೆಂದು ತಿಳಿದು ಅನುಭವದ ಪತ್ರ ಕೇಳಿದೆ. ಮ್ಯಾನೇಜರು ಇಂಗ್ಲಿಷಿನಲ್ಲಿ ಟೈಪ್ ಮಾಡಿಕೊಟ್ಟರು. ಡಾಕ್ಟರು ಓದದೆ ಸಹಿ ಹಾಕಿದರು. ನಾನು ಓದಿದೆ, ನನಗೂ ತಪ್ಪು ಕಾಣಲಿಲ್ಲ.

ಇಂಟರ್‌ವ್ಯೂಗೆ ಮೂವರು ಕುಳಿತಿದ್ದರು. ನಡುವಿನವರು ಪತ್ರ ಓದಿ ಪಕ್ಕದವರಿಗೆ ದಾಟಿಸಿದರು. ಇಬ್ಬರೂ ನಕ್ಕರು.

"ಎಂಟು ವರ್ಷ ಅಲ್ಲಿ ಏನ್ ಮಾಡಿದ್ರಿ?"

"ಕೆಲಸ ಮಾಡಿದೀನಿ ಸಾರ್."

"ಇದ್ರಾಗೆ ಹಂಗಿಲ್ವಲ್ಲ. ಕೆಲಸಾನೇ ಮಾಡಿಲ್ಲ ಅನ್ನಂಗೈತೆ."

ಮೂರನೆಯವರು, ಒಬ್ಬ ಹೆಂಗಸು, ಸಮಾಧಾನದಿಂದ ಬಿಡಿಸಿ ಹೇಳಿದರು. 'ವರ್ಕ್ಸ್ ಹಾರ್ಡ್' ಎಂದರೆ ಕಷ್ಟಪಟ್ಟು ದುಡಿಯುತ್ತಾಳೆ ಎಂದು. 'ಹಾರ್ಡ್ಲಿ' ಎಂದರೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ನನ್ನ ಪತ್ರದಲ್ಲಿದ್ದದ್ದು 'ವರ್ಕ್ಸ್ ಹಾರ್ಡ್ಲಿ'. ಆಮೇಲೆ ಫೋನ್ ಮಾಡುತ್ತೇವೆ ಎಂದು ಕಳಿಸಿಬಿಟ್ಟರು. ಗಾಯದ ಬಗ್ಗೆ, ಇಂಜೆಕ್ಷನ್ ಬಗ್ಗೆ ಒಂದು ಮಾತು ಕೇಳಲಿಲ್ಲ.

ಹೊಳಲ್ಕೆರೆ ದಾಟುವವರೆಗೂ ಬಸ್ಸಿನಲ್ಲಿ ಹಲ್ಲು ಕಚ್ಚಿಕೊಂಡೇ ಕುಳಿತಿದ್ದೆ. ನಕ್ಕವರ ಮೇಲೆ ಸಿಟ್ಟು, ಬರೆದವರ ಮೇಲೆ ಸಿಟ್ಟು, ನರ್ಸಿಂಗ್ ಕೋರ್ಸನ್ನು ಇಂಗ್ಲಿಷಿನಲ್ಲೇ ಪಾಸು ಮಾಡಿಯೂ ತಿಳಿಯದ ನನ್ನ ಮೇಲೂ ಸಿಟ್ಟು.

ಮರುದಿನ ಬೆಳಿಗ್ಗೆ ಪತ್ರವನ್ನು ಮ್ಯಾನೇಜರ ಮೇಜಿನ ಮೇಲಿಟ್ಟು ವಿಷಯ ಹೇಳಿದೆ.

"ಸ್ಲೋ ಇದ್ದಿದ್ದು ಸ್ಲೋಲಿ ಆಗುತ್ತೆ, ಕ್ವಿಕ್ ಇದ್ದಿದ್ದು ಕ್ವಿಕ್ಲಿ ಆಗುತ್ತೆ. ಇದೂ ಹಂಗೇ ಅನ್ಕಂಡೆ ಕಣಮ್ಮ. ಅಷ್ಟಕ್ಕೇ ಯಾಕೆ ಸಿಟ್ಟು?"

"ಕನ್ನಡದಾಗೆ ಬರೀರಿ."

"ಕನ್ನಡದಾಗೆ ಬರೆದ್ರೆ ಯಾರು ಬೆಲೆ ಕೊಡ್ತಾರೆ?"

"ಇದಕ್ಕೆ ಎಷ್ಟು ಬೆಲೆ ಕೊಟ್ರು ಅಂತ ನೋಡ್ಕಂಡು ಬಂದೀನಿ. ನಾನು ಹೇಳ್ತೀನಿ, ನೀವು ಬರೀರಿ."

ನಿಂತುಕೊಂಡೇ ಹೇಳಿದೆ. ಎಂಟು ವರ್ಷದ ಕೆಲಸ ಒಂದು ಪುಟ ತುಂಬಿತು. ಡಾಕ್ಟರು ಬಂದವರೇ ಸಹಿಗೆ ಪೆನ್ನು ತೆಗೆದರು. "ಮೊದಲು ಓದ್ರಿ ಸಾರ್," ಎಂದೆ. ಅವರ ಎದುರು ಹಾಗೆ ಮಾತಾಡಿದ್ದು ಅದೇ ಮೊದಲು. ಕೊನೆಯವರೆಗೂ ಓದಿ ತಲೆಯೆತ್ತಿದರು.

"ಇಷ್ಟೆಲ್ಲ ನೀನೇ ಮಾಡ್ತಿದ್ಯಾ?"

ಚಿತ್ರದುರ್ಗದವರು ನಕ್ಕಾಗಲೂ ಅಷ್ಟು ಉರಿದಿರಲಿಲ್ಲ. ಅವರು ನನ್ನನ್ನು ಕಂಡಿದ್ದು ಹತ್ತು ನಿಮಿಷ. ಈ ಮನುಷ್ಯ ಎಂಟು ವರ್ಷ ಪಕ್ಕದಲ್ಲೇ ನಿಂತಿದ್ದರು. ಸಹಿಯಾದ ಪತ್ರ ತೆಗೆದುಕೊಂಡು, ಅಲ್ಲೇ ಒಂದು ಹಾಳೆ ಕೇಳಿ ಕೆಲಸ ಬಿಡುತ್ತೇನೆಂದು ಬರೆದುಕೊಟ್ಟೆ. ಅವಸರಪಡಬೇಡ ಎಂದರು. ಪತ್ರ ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಟೆ.

ಚಿತ್ರದುರ್ಗದಿಂದ ಫೋನ್ ಬರಲಿಲ್ಲ. ಒಂದು ತಿಂಗಳು ಮನೆಯಲ್ಲಿದ್ದೆ. ಆಮೇಲೆ ಕೆಲಸ ಕೇಳಲು ಹೋದ ಹಿರಿಯೂರಿನ ಕ್ಲಿನಿಕ್ಕೊಂದರವರು ಪತ್ರ ಕೇಳದೆ, ಅಳುತ್ತಿದ್ದ ಮಗುವಿನ ಕೈ ಹಿಡಿಸಿ ಡ್ರಿಪ್ ಹಾಕಲು ಹೇಳಿದರು. ಒಂದೇ ಸಲಕ್ಕೆ ನರ ಸಿಕ್ಕಿತು. ಮರುದಿನದಿಂದಲೇ ಬರ್ರಿ ಎಂದರು. ಈಗಲೂ ಅಲ್ಲೇ ಇದ್ದೇನೆ.