ಹುಣ್ಣು ತೊಳೆದ ಡಾಕ್ಟರಮ್ಮ

ಅಕ್ಕನ ಕೆನ್ನೆಯ ಕ್ಯಾನ್ಸರಿಗೆ ರೇಡಿಯೇಷನ್, ಅಂದರೆ ನಮ್ಮ ಕಡೆಯವರು ಹೇಳುವ ಕರೆಂಟು, ಕೊಟ್ಟ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ವಾರಕ್ಕೊಮ್ಮೆ ಸಿಂಧನೂರಿಗೂ ಬರುತ್ತಿದ್ದರು. ಅಲ್ಲಿ ವಾಸಿಯಾಗದವರ ನೋವಿಗೆ ಔಷಧಿ ಕೊಡುತ್ತಿದ್ದರು. ಯಾರು ರಿಪೋರ್ಟು ಚಾಚಿದರೂ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, “ಅದು ಇರ್ಲಿ, ಎಲ್ಲಿ ನೋಯ್ತದ ಹೇಳ್ರಿ,” ಅನ್ನುತ್ತಿದ್ದರು.

ಅಕ್ಕನ ರೋಗ ಮರಳಿ ಬಂದಾಗ, “ಇನ್ನ ಕರೆಂಟು ಬ್ಯಾಡ. ಬರೇ ಸುಡ್ತದ,” ಎಂದರು.

ಅಕ್ಕನ ಗಂಡ ಸಿಟ್ಟಾದ. “ಅಂದ್ರ ಕೈ ಬಿಟ್ರೇನ್ರಿ ಮೇಡಂ?”

“ಕರೆಂಟು ಬಿಟ್ಟೀನಿ. ಆಕಿನ್ನ ಬಿಟ್ಟಿಲ್ಲ.”

ಮುಂದಿನ ವಾರ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಡಾಕ್ಟರಮ್ಮ, ಅಕ್ಕ ಇದ್ದ ಮಸ್ಕಿಯ ನಮ್ಮ ಮನೆಗೆ ಬಂದರು. ಕೆನ್ನೆಯ ಹುಣ್ಣು ನಾರುತ್ತಿತ್ತು. ಅಕ್ಕ ಹಿಂದಿನ ಖೋಲಿ ಸೇರಿ, ಹರೆಯದ ಮಗಳನ್ನೂ ಹತ್ತಿರ ಬಿಡುತ್ತಿರಲಿಲ್ಲ. ಡಾಕ್ಟರಮ್ಮ ಮಂಚದ ಮೇಲೆಯೇ ಕೂತು, ಮೂಗು ಮುಚ್ಚಿಕೊಳ್ಳದೆ ಹುಣ್ಣು ತೊಳೆದು, ಗುಳಿಗೆ ಪುಡಿಮಾಡಿ ಅದರ ಮೇಲೆ ಉದುರಿಸಿದರು. ಆಮೇಲೆ ಮಗಳನ್ನು ಕರೆದರು.

“ನಾಳಿಯಿಂದ ನೀ ಮಾಡವ್ವ. ವಾಸನಿ ಕಮ್ಮಿ ಆಗ್ತದ.”

“ಬ್ಯಾಡ್ರಿ, ಅಂಜ್ತಾಳ,” ಎಂದಳು ಅಕ್ಕ.

“ಅಂಜಾಕಿ ನಾನಲ್ಲಬೇ, ನೀನ,” ಎಂದು ಮಗಳು ನೀರಿನ ಬಟ್ಟಲು ಎತ್ತಿಕೊಂಡಳು.

ವಾಸನೆ ಇಳಿಯಿತು, ರೋಗ ಇಳಿಯಲಿಲ್ಲ. ಮಗಳು ತಾಯಿಯ ಮಗ್ಗುಲಲ್ಲೇ ಮಲಗತೊಡಗಿದಳು. ಅಕ್ಕ ತೀರಿಕೊಂಡ ಮುಂಜಾನೆಯೂ ಅಲ್ಲಿಯೇ ಇದ್ದಳು.

ಸುದ್ದಿ ತಿಳಿದು ಬಂದ ಡಾಕ್ಟರಮ್ಮ ನೇರವಾಗಿ ಒಳಗೆ ಹೋದರು. ಹೆಣದ ಕೆನ್ನೆಯ ಮೇಲಿನ ಬಟ್ಟೆ ಸರಿಸಿ ನೋಡಿದರು. ಮಗಳ ಪಕ್ಕ ನೆಲದ ಮೇಲೆ ಕೂತು, “ಇಷ್ಟು ಚಂದ ನಾನೂ ತೊಳೀತಿದ್ದಿಲ್ಲವ್ವ,” ಎಂದು ಅತ್ತುಬಿಟ್ಟರು.