ಒಂದೇ ಪಟ್ಟಿಯೊಳಗೆ ಎರಡು ಕರೆಂಟು

ಆರು ವೋಲ್ಟಿನ ದೀಪ ಮುಟ್ಟಿ ನಮ್ಮಮ್ಮ ಹಾರಿಬಿದ್ದರು.

ನೀವು ಸರಿಯಾಗೇ ಓದಿದಿರಿ. ಆರೇ ವೋಲ್ಟು. ಟಾರ್ಚಿಗೆ ಹಾಕುತ್ತೇವಲ್ಲ, ಅಷ್ಟು ಪುಟ್ಟ ಬಲ್ಬು. ಕಳೆದ ಬುಧವಾರ ಬೆಳಿಗ್ಗೆ, ಹೊಳೆನರಸೀಪುರದ ನಮ್ಮ ಮನೆಯಲ್ಲಿ, ನನ್ನ ಕಣ್ಣೆದುರಿಗೇ. ಬಚ್ಚಲಿನಿಂದ ಒದ್ದೆ ಕೈಯಲ್ಲಿ ಬಂದರು, ಗೋಡೆಯ ದೀಪ ಮುಟ್ಟಿದರು, ಕೂಗುವ ಮೊದಲೇ ಹಿಂದಕ್ಕೆ ಬಿದ್ದರು. ನಾನು ಕಾಫಿ ಲೋಟ ಹಿಡಿದು ನಿಂತೇ ಇದ್ದೆ!

ಹೆಂಡತಿ ಓಡಿಬಂದಳು. ಅವಳ ಕೈ ಗೋಡೆಯ ಕಡೆ ಹೋದದ್ದು ಕಂಡಾಗಲೇ ನನಗೆ ದನಿ ಬಂದದ್ದು. "ಗೋಡೆ ಮುಟ್ಟಬೇಡ!" ಮೇನ್ ಸ್ವಿಚ್ ಆರಿಸಿದೆ. ಅಮ್ಮ ಉಸಿರಾಡುತ್ತಿದ್ದರು. ಎರಡು ಬೆರಳ ತುದಿ ಸುಟ್ಟಿತ್ತು, ಮಣಿಕಟ್ಟು ಮುರಿದಿತ್ತು. (ಬಚ್ಚಲ ಹೊಸ್ತಿಲಿಗೂ ಅವರ ತಲೆಗೂ ನಡುವೆ ಇದ್ದದ್ದು ಒಂದು ಗೇಣು. )

ಆ ದೀಪಗಳ ವಿಚಾರ ಹೇಳಬೇಕು. ಅಮ್ಮನಿಗೆ ಎರಡೂ ಕಣ್ಣಿಗೆ ಪೊರೆ. ಅವರ ಕೋಣೆಯಿಂದ ಬಚ್ಚಲಿಗೆ ಹೋಗುವ ಓಣಿಯಲ್ಲಿ ಹಗಲಲ್ಲೂ ಕತ್ತಲು. ಹಾಸನಕ್ಕೆ ಹೋಗಿ, ಮನೆಯ ಕರೆಂಟನ್ನು ಆರು ವೋಲ್ಟಿಗೆ ಇಳಿಸುವ, ಕಾಲಿಂಗ್ ಬೆಲ್‌ಗೆ ಹಾಕುವಂಥ ಸಣ್ಣ ಟ್ರಾನ್ಸ್‌ಫಾರ್ಮರ್ ತಂದೆ. ಕೈಗೆಟುಕುವ ಎತ್ತರದಲ್ಲಿ, ತಗಡಿನ ಹೋಲ್ಡರಿನಲ್ಲಿ, ಮೂರು ಪುಟ್ಟ ದೀಪ. ಅವರಿಗೆ ಮಸುಕು ಹಳದಿ ಚುಕ್ಕೆಯಾಗಿ ಕಂಡರೆ ಸಾಕು, ಅದನ್ನೇ ಹಿಡಿದುಕೊಂಡ ಹಾಗೆ ನಡೆಯುತ್ತಿದ್ದರು. ಕಾಣದ ದಿನ, ಬಿಸಿ ಇದೆಯಾ ಅಂತ ಮುಟ್ಟಿ ನೋಡುತ್ತಿದ್ದರು.

ಮುಟ್ಟುವುದಕ್ಕೆ ಧೈರ್ಯ ಕೊಟ್ಟವನು ನಾನೇ. "ಇದು ಸಣ್ಣ ಕರೆಂಟಮ್ಮ, ಏನೂ ಮಾಡಲ್ಲ" ಅಂತ ಅವರ ಬೆರಳು ಹಿಡಿದು ಮುಟ್ಟಿಸಿದ್ದೆ.

ಬುಧವಾರ ನನ್ನ ತಲೆಗೆ ಬಂದದ್ದು ಒಂದೇ ಹೆಸರು. ಜವರಪ್ಪ. ನಮ್ಮ ಮನೆಗೆ ವೈರಿಂಗ್ ಮಾಡಿದ ವೈರ್‌ಮನ್. ಡಾಕ್ಟರು ಬಂದು ಅಮ್ಮನ ಕೈಗೆ ಕಟ್ಟು ಹಾಕಿ ಹೋದದ್ದೇ ತಡ, ಪೇಟೆ ಬೀದಿಗೆ ನುಗ್ಗಿದೆ. ಹೋಟೆಲಿನ ಮುಂದೆ ಸಿಕ್ಕಿದ.

"ಏನಯ್ಯಾ, ಜೀವ ತೆಗೆಯೋ ಕೆಲಸ ಮಾಡ್ತೀಯಾ? ನಿನ್ನ ಲೈಸೆನ್ಸ್ ಕಿತ್ತು ಹಾಕಿಸ್ತೀನಿ!"

ಸಂತೆಯ ದಿನ. ಜನ ಸೇರಿದರು. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವನು, ಊರಿಗೆಲ್ಲ ಗೊತ್ತಿರುವವನು. ನನ್ನ ಮಾತಿಗೆ ಎದುರುಂಟೇ? ಜವರಪ್ಪ ಕೇಳಿದ್ದು ಇಷ್ಟೇ:

"ಅವ್ವಾರು ಎಂಗವ್ರೆ ಸಾ?"

ಮಾರನೆಯ ದಿನ ಕರೆಯದೆಯೇ ಮನೆಗೆ ಬಂದ. ಹೆಗಲಿಗೆ ಟೂಲ್ಸ್ ಚೀಲ. "ಮೇನ್ ಆಕ್‌ಬ್ಯಾಡಿ ಸಾ, ನೋಡ್‌ಬುಡ್ತೀನಿ" ಅಂದ. ಏಣಿ ಹತ್ತಿ, ಓಣಿಯ ಗೋಡೆಯ ಉದ್ದಕ್ಕೂ ವೈರುಗಳನ್ನು ಮುಚ್ಚಿಕೊಂಡಿರುವ ಮರದ ಪಟ್ಟಿಯ ಮುಚ್ಚಳದ ಮೇಲೆ ಬೆರಳಾಡಿಸಿದ. ನಿಂತ. ನನ್ನ ಕಡೆ ತಿರುಗಿದ.

"ಸಾ, ನಾನು ಮುಚ್ಚಳಕ್ಕೆ ಸ್ಕ್ರೂ ಆಕೋನು. ಮೊಳೆ ವಡಿಯಾಕಿಲ್ಲ. ಈ ಮೊಳೆ ಯಾರ್ದು?"

ನಾನೂ ಏಣಿಯ ಹತ್ತಿರ ಹೋಗಿ ಮೊಳೆಯ ತಲೆ ನೋಡಿದೆ.

ಮೊಳೆ ನನ್ನದು. ಬೇಸಿಗೆಯಲ್ಲಿ ಆ ದೀಪ ಹಾಕಿಸುವಾಗ, ಸಣ್ಣ ವೈರುಗಳನ್ನೂ ಮನೆಯ ವೈರುಗಳ ಜೊತೆ ಕಟ್ಟಿ ಅದೇ ಪಟ್ಟಿಯಲ್ಲಿ ತೂರಿಸು ಅಂತ ಜವರಪ್ಪನಿಗೆ ಅಂದಿದ್ದೆ. ಹೊಸದಾಗಿ ಸುಣ್ಣ ಬಳಿದ ಗೋಡೆ, ಇನ್ನೊಂದು ಪಟ್ಟಿ ಹೊಡೆದರೆ ಅಸಹ್ಯ ಅಲ್ಲವೇ?

"ಬ್ಯಾಡಿ ಸಾ. ಎಲ್ಡನ್ನೂ ಒಂದರಲ್ಲೇ ಓಡಿಸ್‌ಬಾರ್ದು. ಬ್ಯಾರೆ ಪಟ್ಟಿ ಬೇಕು. ರೂಲ್ಸದೆ."

"ಯಾವ ರೂಲ್ಸಯ್ಯಾ? ಎಲ್ಲಿದೆ ತೋರಿಸು."

"ಇಂಗ್ಲೀಷ್‌ನಲ್ಲದೆ ಸಾ, ನಂಗೆ ಓದಕ್ ಬರಾಕಿಲ್ಲ. ಕೆಲ್ಸ ಕಲ್ಸ್‌ದೋರು ಯೋಳವ್ರೆ."

ನಾನು ನಕ್ಕೆ. (ಹೌದು, ನಕ್ಕೆ.) ಅವನು ಆ ಕೆಲಸ ಮಾಡಲು ಒಪ್ಪಲಿಲ್ಲ, ಬೇರೆ ಪಟ್ಟಿ ತರ್ತೀನಿ ಅಂತ ಹೋದ. ಕಾಯುವ ತಾಳ್ಮೆ ಯಾರಿಗಿತ್ತು? ಭಾನುವಾರ ನಾನೇ ಮುಚ್ಚಳ ಬಿಚ್ಚಿ, ದೊಡ್ಡ ವೈರು ಸಣ್ಣ ವೈರು ಎಲ್ಲವನ್ನೂ ಒತ್ತಿ ತುರುಕಿ, ಮುಚ್ಚಳ ಕೂರದೆ ಹೋದಾಗ ಮೊಳೆ ಹೊಡೆದು ಕೂರಿಸಿದೆ. ಪಟ್ಟಿ ಬೇಡ ಅಂತ ಜವರಪ್ಪನಿಗೆ ಹೇಳಿ ಕಳಿಸಿದೆ. ಮೊಳೆ ಹೊಡೆದದ್ದನ್ನು ಮರೆತೂ ಬಿಟ್ಟೆ. ಪೇಟೆಯಲ್ಲಿ ಕೂಗಾಡುವಾಗ ನಿಜವಾಗಿಯೂ ಅದು ನೆನಪಿಗೆ ಬರಲಿಲ್ಲ. ಮನುಷ್ಯನ ತಲೆ ತನಗೆ ಬೇಕಾದ ಹಾಗೆ ಹೇಗೆ ಮರೆಯುತ್ತದೆ!

ಜವರಪ್ಪ ಮುಚ್ಚಳ ಎಬ್ಬಿಸಿದ. ಮೊಳೆ ಒಂದು ದೊಡ್ಡ ವೈರಿನ ಮೈ ಸೀಳಿ ಸಣ್ಣ ವೈರಿಗೆ ಆನಿಕೊಂಡಿತ್ತು. ಮಳೆಗಾಲಕ್ಕೆ ಮರ ತೇವ ಕುಡಿದು ಉಬ್ಬಿ, ಅದುಮಿಕೊಂಡಿತ್ತು.

"ಹಾಗಿದ್ರೆ ಫ್ಯೂಸ್ ಹೋಗ್ಬೇಕಿತ್ತು. ಬಲ್ಬಾದ್ರೂ ಒಡೀಬೇಕಿತ್ತು" ಅಂದೆ. ಅಮ್ಮ ಬಿದ್ದ ಮೇಲೂ, ನಾನು ಮೇನ್ ಆರಿಸುವವರೆಗೆ, ಆ ಮೂರು ದೀಪ ತಣ್ಣಗೆ ಉರಿಯುತ್ತಲೇ ಇದ್ದವು.

"ಅದೇ ಸಾ ಇದ್ರ ಮೋಸ. ದೀಪ ಆರು ವೋಲ್ಟಲ್ಲೇ ಉರೀತದೆ. ಮುಟ್‌ದೋರ್ಗೆ ಮಾತ್ರ ಇನ್ನೂರ ಮೂವತ್ತು. ನೆಲಕ್ಕೆ ಇಳಿಯೋ ದಾರಿ ಸಿಗೋಗಂಟ ಫ್ಯೂಸ್ಗೂ ಗೊತ್ತಾಗಾಕಿಲ್ಲ."

ಬೇಸಿಗೆಯಲ್ಲಿ ಒಪ್ಪದೆ ಹೋದವನು, ಪೇಟೆಯಲ್ಲಿ ಬೈಸಿಕೊಂಡವನು, ಅವತ್ತು ಒಂದು ಕಟು ಮಾತೂ ಆಡಲಿಲ್ಲ. ಸಣ್ಣ ವೈರುಗಳನ್ನೆಲ್ಲ ಎಳೆದು ಹೊರಗೆ ಹಾಕಿ, ಗೋಡೆಯ ಕೆಳಭಾಗದಲ್ಲಿ ಬೇರೆಯೇ ಪಟ್ಟಿ ಹೊಡೆದು, ಬಿಡಿಯಾಗಿ ಓಡಿಸಿದ. ಅಮ್ಮ ಮಂಚದಲ್ಲೇ ಕೂತು ಎಲ್ಲ ಕೇಳಿಸಿಕೊಂಡರು. ನನ್ನನ್ನು ಕರೆದರು.

"ಬೀದೀಲಿ ಬೈದೆಯಂತಲ್ಲೋ. ಬೀದೀಲೇ ಹೋಗಿ ಹೇಳು."

ಹೋದೆ. ಅದೇ ಹೋಟೆಲಿನ ಮುಂದೆ ನಿಂತು, "ತಪ್ಪು ಜವರಪ್ಪಂದಲ್ಲ, ನಂದು" ಅಂದೆ. ಸಂತೆಯ ದಿನ ನೂರು ಜನ ಕೇಳಿದ್ದರು, ಈಗ ಇದ್ದದ್ದು ಐದಾರು ಮಂದಿ. ಅದರಲ್ಲಿ ಒಬ್ಬರು ಪೇಪರ್ ಓದುತ್ತಿದ್ದರು.

ಅಷ್ಟರಲ್ಲಿ ನನ್ನ ಕೂಗಾಟ ಅರಕಲಗೂಡು ಮುಟ್ಟಿತ್ತು. ಅಲ್ಲೊಂದು ಮನೆಯ ವೈರಿಂಗ್ ಕೆಲಸ ಜವರಪ್ಪನಿಗೆ ನಿಶ್ಚಯವಾಗಿತ್ತು, ಈಗ ಬೇಡ ಅಂದುಬಿಟ್ಟರು. ಶನಿವಾರ ಬಸ್ಸು ಹತ್ತಿ ಹೋಗಿ ನಡೆದದ್ದನ್ನು ಹೇಳಿದೆ. ಮನೆಯವರು ಮರುಗಿದರು. ಆದರೆ ಬೇರೆಯವನು ಆಗಲೇ ಗೋಡೆ ಕೊರೆಯುತ್ತಿದ್ದ.

"ಬುಡಿ ಸಾ, ಅವ್ವಾರು ಉಳ್ಕಂಡ್ರಲ್ಲ" ಅಂದ ಜವರಪ್ಪ. ನನಗೆ ಬಿಡಲಾಗಲಿಲ್ಲ, ಅದಕ್ಕೇ ಈ ವಾರ ಇದನ್ನು ಬರೆದೆ.

ಒಂದು ಪ್ರಶ್ನೆ ಮಾತ್ರ ಉಳಿದಿದೆ. ಅದೇ ಮಾತನ್ನು ಪ್ಯಾಂಟು ತೊಟ್ಟ ಇಂಜಿನಿಯರೊಬ್ಬ ಇಂಗ್ಲಿಷಿನಲ್ಲಿ ಹೇಳಿದ್ದರೆ, ನಾನು ನಗುತ್ತಿದ್ದೆನೇ?